230 ಡಿಗ್ರಿ ಯಾರಿಗೆ ಬೇಕು? ಹೇರ್ ಸ್ಟ್ರೇಟ್ನರ್ ಕೊಳ್ಳುವ ಮುನ್ನ

ಹೋದ ಏಪ್ರಿಲ್‌ನಲ್ಲಿ ಅಕ್ಕನ ಮಗಳ ಜೊತೆ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಅವಳ ಗೆಳತಿಯ ಮದುವೆ ಹತ್ತಿರ ಬಂದಿತ್ತು, ಸ್ಟ್ರೇಟ್ನರ್ ಬೇಕಿತ್ತು. ಅಂಗಡಿಯವರು ಆರೇಳು ಮಾದರಿಗಳನ್ನು ಸಾಲಾಗಿ ಇಟ್ಟರು. ಒಂದನ್ನು ಕೈಗೆತ್ತಿಕೊಂಡು, "ಅಕ್ಕಾರ, ಇದು ತಗೋರಿ. 230 ಡಿಗ್ರಿ ತನಕ ಹೋಗ್ತದ. ಅರ್ಧ ನಿಮಿಷದಾಗ ಕಾಯ್ತದ" ಅಂದರು. ಪಕ್ಕದಲ್ಲಿದ್ದದ್ದು 200ಕ್ಕೇ ನಿಲ್ಲುವ ಮಾದರಿ. ಬೆಲೆ ಮಾತ್ರ ಅದರದ್ದೇ ಜಾಸ್ತಿ. ಹುಡುಗಿ ನನ್ನ ಮುಖ ನೋಡಿದಳು. "ಚಿಗವ್ವಾ, ಕಡಿಮಿ ಕಾಯೋದಕ್ಕ ಜಾಸ್ತಿ ರೊಕ್ಕ ಯಾಕ?"

ಒಳ್ಳೆಯ ಪ್ರಶ್ನೆ. ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕಾಲೇಜಿನಲ್ಲಿ ಗ್ಯಾದರಿಂಗ್ ಬಂತೆಂದರೆ ಹುಡುಗಿಯರು ಪಾಠ ಮುಗಿದ ಮೇಲೆ ಬಂದು ಇಂಥದ್ದನ್ನೇ ಕೇಳುತ್ತಾರೆ. ಯಾವ ಕಂಪನಿ ಒಳ್ಳೇದು, ಸೆರಾಮಿಕ್ ತಗೋಬೇಕಾ ಟೈಟಾನಿಯಂ ತಗೋಬೇಕಾ, ದಿನಾ ಮಾಡಿದರೆ ಕೂದಲು ಉದುರುತ್ತಾ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಕೂದಲಿನ ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ಮಾತ್ರ ಡಬ್ಬಿಯ ಮೇಲೆ ಬರೆದ ಮಾತುಗಳಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಅಂತ ತಿಳಿಯುತ್ತದೆ. ಹಾಗಾಗಿ ಮೊದಲು ಕೂದಲು, ಆಮೇಲೆ ಯಂತ್ರ.

ಇಸ್ತ್ರಿ ಮಾಡಿದ ಹಾಗೆಯೇ

ಒಗೆದು ಒಣಗಿದ ಹತ್ತಿ ಅಂಗಿ ಮುದುಡಿ ಹೋಗಿರುತ್ತದೆ. ನೀರು ಚಿಮುಕಿಸಿ ಇಸ್ತ್ರಿ ಎಳೆದರೆ ನೆಟ್ಟಗಾಗುತ್ತದೆ. ಹತ್ತಿಯ ಎಳೆಯೊಳಗಿನ ಕಣಗಳು ಒಂದನ್ನೊಂದು ಹೈಡ್ರೋಜನ್ ಬಂಧ ಅನ್ನುವ ಸಣ್ಣ ಸಣ್ಣ ಹಿಡಿತಗಳಿಂದ ಹಿಡಿದುಕೊಂಡಿರುತ್ತವೆ. ನೀರು ಮತ್ತು ಬಿಸಿ ಸೇರಿದರೆ ಆ ಹಿಡಿತ ಸಡಿಲ ಆಗುತ್ತದೆ. ಇಸ್ತ್ರಿ ಪೆಟ್ಟಿಗೆ ಒತ್ತಿದ ಆಕಾರದಲ್ಲೇ ಬಟ್ಟೆ ಆರುತ್ತದೆ, ಹಿಡಿತಗಳು ಆ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ.

ಕೂದಲಿನಲ್ಲೂ ಆಗುವುದು ಇದೇ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ಉಗುರು, ದನದ ಕೊಂಬು, ಕುರಿಯ ಉಣ್ಣೆ ಎಲ್ಲವೂ ಕೆರಾಟಿನ್ನೇ. ಇದರಲ್ಲಿ ಎರಡು ಬಗೆಯ ಬಂಧಗಳು ನಮಗೆ ಮುಖ್ಯ. ಒಂದು, ಆಗಲೇ ಹೇಳಿದ ಹೈಡ್ರೋಜನ್ ಬಂಧ. ಒಂದೊಂದೂ ಬಡಕಲು, ಆದರೆ ಲೆಕ್ಕವಿಲ್ಲದಷ್ಟು ಇರುತ್ತವೆ. ಇನ್ನೊಂದು, ಗಂಧಕದ ಬಂಧ. ಇದು ಗಟ್ಟಿ. ಹುಟ್ಟಿನಿಂದ ಬಂದ ಗುಂಗುರನ್ನು ಉಳಿಸಿಕೊಳ್ಳುವುದರಲ್ಲಿ ಇದರ ಪಾತ್ರ ದೊಡ್ಡದು.

ಮನೆಯ ಸ್ಟ್ರೇಟ್ನರ್ ಬಿಚ್ಚುವುದು ಹೈಡ್ರೋಜನ್ ಬಂಧವನ್ನು ಮಾತ್ರ. ಹಾಗಾಗಿ ತಲೆಗೆ ನೀರು ಬಿದ್ದ ತಕ್ಷಣ ಕೂದಲು ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ಗಾಳಿಯಲ್ಲಿರುವ ತೇವವೂ ನಿಧಾನಕ್ಕೆ ಅದೇ ಕೆಲಸ ಮಾಡುತ್ತದೆ. ನಮ್ಮೂರಿನಲ್ಲಿ ಇದನ್ನು ಎಲ್ಲರೂ ನೋಡಿರುತ್ತೀರಿ. ಏಪ್ರಿಲ್‌ನ ಒಣ ಗಾಳಿಯಲ್ಲಿ ಬೆಳಿಗ್ಗೆ ನೆಟ್ಟಗೆ ಮಾಡಿದ ಕೂದಲು ರಾತ್ರಿಯ ತನಕ ಹಾಗೇ ಇರುತ್ತದೆ. ಆಗಸ್ಟ್‌ನ ಮೋಡದ ದಿನ ಮಧ್ಯಾಹ್ನಕ್ಕೇ ಬುಡದಲ್ಲಿ ಗುಂಗುರು ಏಳುತ್ತದೆ. ಬೇಸಿಗೆಯಲ್ಲಿ ಬುಡ ಕೆಟ್ಟರೆ ಅದು ಬೆವರಿನಿಂದ. ಇದು ಯಂತ್ರದ ತಪ್ಪಲ್ಲ. ಜಾಸ್ತಿ ಬಿಸಿ ಇಟ್ಟರೆ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ ಅಂದುಕೊಂಡು 220, 230ಕ್ಕೆ ಏರಿಸುವವರಿದ್ದಾರೆ. ಮಳೆಗಾಲದ ತೇವಕ್ಕೆ ನಿಮ್ಮ ಯಂತ್ರ ಎಷ್ಟು ಡಿಗ್ರಿಯದು ಅಂತ ಗೊತ್ತಿರುವುದಿಲ್ಲ, ಅಲ್ವಾ?

ಪಾರ್ಲರ್‌ನಲ್ಲಿ ಮಾಡುವ ರೀಬಾಂಡಿಂಗ್, ಸ್ಮೂತನಿಂಗ್ ಬೇರೆ ಕಥೆ. ಅಲ್ಲಿ ರಾಸಾಯನಿಕ ಹಚ್ಚಿ ಗಂಧಕದ ಬಂಧವನ್ನೇ ಮುರಿದು ಮತ್ತೆ ಕೂಡಿಸುತ್ತಾರೆ. ಅದಕ್ಕೇ ತಿಂಗಳುಗಟ್ಟಲೆ ನಿಲ್ಲುತ್ತದೆ. ಕೆಲವು ಕೆರಾಟಿನ್ ಚಿಕಿತ್ಸೆಗಳಲ್ಲಿ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ವಸ್ತು ಇರುತ್ತದೆ. ಕಣ್ಣು ಉರಿಯುವಷ್ಟು ಘಾಟು ಬಂದರೆ ಅಲ್ಲಿಂದ ಎದ್ದು ಬನ್ನಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. 230 ಡಿಗ್ರಿಯಂಥ ಶಾಖ ಬಳಸುವುದು ಇಂಥ ಚಿಕಿತ್ಸೆಗಳಲ್ಲಿ. ಪಾರ್ಲರ್‌ನ ಆ ಅಂಕಿಯೇ ಮನೆಯ ಯಂತ್ರದ ಡಬ್ಬಿಯ ಮೇಲೂ ಬಂದು ಕುಳಿತಿದೆ.

ಒದ್ದೆ ಕೂದಲು ಮತ್ತು ಜೋಳದ ಅಳ್ಳು

ನಾಗರ ಪಂಚಮಿಗೆ ನಮ್ಮ ಮನೆಗಳಲ್ಲಿ ಜೋಳದ ಅಳ್ಳು ಹುರಿಯುತ್ತೇವೆ. ಜೋಳದ ಕಾಳಿನ ಒಳಗೆ ಸ್ವಲ್ಪ ನೀರಿನ ಅಂಶ ಇರುತ್ತದೆ. ಬಿಸಿ ಏರಿದಾಗ ಅದು ಆವಿಯಾಗುತ್ತದೆ, ಹೊರಗೆ ಹೋಗಲು ದಾರಿ ಸಿಗುವುದಿಲ್ಲ, ಒತ್ತಡ ತಡೆಯದೆ ಕಾಳು ಪಟ್ ಅಂತ ಸಿಡಿದು ಅರಳುತ್ತದೆ. ಒದ್ದೆ ಕೂದಲಿನ ಮೇಲೆ ಕಾದ ಸ್ಟ್ರೇಟ್ನರ್ ಇಟ್ಟರೆ ಕೂದಲಿನ ಒಳಗೂ ಹೀಗೇ ಆಗುತ್ತದೆ. ನೀರು ಆವಿಯಾಗಿ ಎಳೆಯೊಳಗೆ ಸಣ್ಣ ಸಣ್ಣ ಗುಳ್ಳೆಗಳನ್ನು ಮಾಡುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಗುಳ್ಳೆ ಇದ್ದ ಜಾಗದಲ್ಲಿ ಕೂದಲು ತುಂಡಾಗುತ್ತದೆ. ವೈದ್ಯರು ಇದಕ್ಕೆ ಬಬಲ್ ಹೇರ್ ಅಂತಲೇ ಹೆಸರಿಟ್ಟಿದ್ದಾರೆ.

ಇದನ್ನು ನಾನು ಪುಸ್ತಕದಿಂದ ಮೊದಲು ಕಲಿಯಲಿಲ್ಲ. ಬಿ.ಎಸ್‌ಸಿ. ಓದುವಾಗ ಗೆಳತಿಯೊಬ್ಬಳ ಯಂತ್ರ ತಂದಿದ್ದೆ. ಅದರಲ್ಲಿ ಗುಂಡಿ ಒಂದೇ, ಆನ್ ಮತ್ತು ಆಫ್. ಎಷ್ಟು ಕಾದಿದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ. ತಲೆಸ್ನಾನ ಮಾಡಿ, ಟವೆಲ್‌ನಿಂದ ಒರೆಸಿ, ಅವಸರದಲ್ಲಿ ಎಳೆದೆ. ಚುರ್ ಅಂತ ಸದ್ದು ಬಂತು, ಬಿಳಿ ಹೊಗೆ ಎದ್ದಿತು. ಹೊಗೆ ಅಂದರೆ ಆವಿ, ಪರವಾಗಿಲ್ಲ ಅಂದುಕೊಂಡೆ. ಒಂದು ವಾರದಲ್ಲಿ ಬಲಗಡೆಯ ಕೂದಲು ಬಾಚಣಿಗೆಗೆ ಬೆರಳುದ್ದದ ತುಂಡುಗಳಾಗಿ ಬರತೊಡಗಿತು. ಅವ್ವ ಅದನ್ನು ನೋಡಿ ಏನೂ ಅನ್ನಲಿಲ್ಲ. ಸುಮ್ನೆ ಕೂರಿಸಿಕೊಂಡು, ಮುರಿದದ್ದನ್ನೆಲ್ಲ ಸೇರಿಸಿ ಬಿಗಿಯಾಗಿ ಹೆರಳು ಹಾಕಿದಳು. ಆ ಜಾಗದ ಕೂದಲು ಮೊದಲಿನ ಉದ್ದಕ್ಕೆ ಬರಲು ನಾಲ್ಕು ವರ್ಷ ಬೇಕಾಯಿತು.

ನಾಲ್ಕು ವರ್ಷ ಯಾಕೆ ಅಂದರೆ, ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಕೂದಲು 60 ಸೆಂಟಿಮೀಟರ್ ಇದ್ದರೆ ಅದರ ತುದಿಗೆ ಐದು ವರ್ಷ ವಯಸ್ಸು. ಕಲಬುರಗಿಯ ಐದು ಬೇಸಿಗೆ ಕಂಡಿದೆ, ಬೋರಿನ ನೀರು ಕುಡಿದಿದೆ, ನೂರಾರು ಸಲ ಬಾಚಣಿಗೆ ದಾಟಿದೆ. ಬುಡದ ಕೂದಲು ಮೊನ್ನೆ ಹುಟ್ಟಿದ್ದು. ಎರಡಕ್ಕೂ ಒಂದೇ ಶಾಖ ಕೊಡುವುದು ಸರಿಯಲ್ಲ. ಕೂದಲು ಜೀವ ಇರುವ ವಸ್ತು ಅಲ್ಲ. ಚರ್ಮಕ್ಕೆ ಗಾಯವಾದರೆ ತಾನೇ ಮಾಯುತ್ತದೆ, ಕೂದಲು ಹಾಗೆ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಕತ್ತರಿಸಿ ಹೊಸದು ಬರುವವರೆಗೆ ಕಾಯಬೇಕು. ಯಂತ್ರ ಕೊಳ್ಳುವಾಗ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಎಷ್ಟು ಡಿಗ್ರಿ ಸಾಕು?

ಒಣ ಕೂದಲಿನ ಒಳಗಿನ ರಚನೆ 200 ಡಿಗ್ರಿ ದಾಟಿದ ಮೇಲೆ ಬೇಗ ಬೇಗ ಕೆಡಲು ಶುರುವಾಗುತ್ತದೆ. 230ರ ಸುಮಾರಿಗೆ ಕೆರಾಟಿನ್ನಿನ ಸುರುಳಿಯೇ ಕರಗುತ್ತದೆ. ಒದ್ದೆ ಕೂದಲಿಗೆ ಈ ಗಡಿ ಇನ್ನೂ ಕೆಳಗೆ, 150ರ ಆಸುಪಾಸಿನಲ್ಲೇ ಬರುತ್ತದೆ. ಆದರೆ ಹೈಡ್ರೋಜನ್ ಬಂಧ ಬಿಚ್ಚಿ ಎಳೆ ನೆಟ್ಟಗಾಗಲು ಅಷ್ಟು ಬಿಸಿ ಬೇಕಿಲ್ಲ. 150ರಿಂದ 185ರ ನಡುವೆ ಹೆಚ್ಚಿನವರ ಕೂದಲು ಮಾತು ಕೇಳುತ್ತದೆ. ಬ್ರಿಟನ್ನಿನ ಜಿಎಚ್‌ಡಿ ಎಂಬ ಹೆಸರಾದ ಕಂಪನಿ ತನ್ನ ಬಹುಪಾಲು ಸ್ಟ್ರೇಟ್ನರ್‌ಗಳನ್ನು 185 ಡಿಗ್ರಿಗೇ ನಿಲ್ಲಿಸಿದೆ. ಅವುಗಳಲ್ಲಿ ಏರಿಸುವ ಇಳಿಸುವ ಗುಂಡಿಯೇ ಇಲ್ಲ. ದುಬಾರಿ ಯಂತ್ರ ಮಾಡುವವರೇ ಅದಕ್ಕಿಂತ ಮೇಲೆ ಹೋಗುವುದು ಬೇಡ ಅಂದುಕೊಂಡಿದ್ದಾರೆ ಅಂದರೆ ಯೋಚನೆ ಮಾಡಬೇಕಾದ ವಿಷಯವೇ.

ನಿಮ್ಮ ಕೂದಲು ಯಾವ ಬಗೆ ಅಂತ ಗೊತ್ತಾಗಲು ಒಂದೇ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊರಳಿಸಿ ನೋಡಿ. ಏನೂ ಗೊತ್ತಾಗದಿದ್ದರೆ ಎಳೆ ಸಣ್ಣದು, 140ರಿಂದ 160 ಸಾಕು. ದಾರದ ಹಾಗೆ ಸ್ಪಷ್ಟವಾಗಿ ತಾಗಿದರೆ ದಪ್ಪ, ಗುಂಗುರೂ ಇದ್ದರೆ 180ರಿಂದ 200. ನಡುವಿನವರಿಗೆ 160ರಿಂದ 180. ಬಣ್ಣ ಹಾಕಿಸಿದ್ದರೆ, ಸ್ಮೂತನಿಂಗ್ ಮಾಡಿಸಿದ್ದರೆ ನಿಮ್ಮ ಅಂಕಿಯಿಂದ 20 ಡಿಗ್ರಿ ಇಳಿಸಿ. ಬಿಳಿ ಕೂದಲಿಗೆ ಶಾಖ ಜಾಸ್ತಿಯಾದರೆ ಹಳದಿ ಛಾಯೆ ಬರುತ್ತದೆ, ಅದಕ್ಕೂ ಕೆಳಗಿನ ಅಂಕಿಯೇ ಒಳ್ಳೆಯದು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ನಮ್ಮ ಕಡೆ ಕೂದಲು ದಟ್ಟ. "ನನ್ನ ಕೂದಲು ಭಾಳ ಅದ, ಜಾಸ್ತಿ ಬಿಸಿ ಬೇಕು" ಅನ್ನುತ್ತಾರೆ. ಕೂದಲು ಜಾಸ್ತಿ ಇರುವುದು ಬೇರೆ, ಒಂದೊಂದು ಎಳೆ ದಪ್ಪ ಇರುವುದು ಬೇರೆ. ಎಳೆ ಸಣ್ಣದಿದ್ದು ರಾಶಿ ಕೂದಲಿದ್ದರೆ ಬೇಕಾಗುವುದು ಜಾಸ್ತಿ ಹೊತ್ತು. ಹಿಡಿ ಸಣ್ಣದು ಮಾಡಿ, ನಿಧಾನಕ್ಕೆ ಮಾಡಿ. ಶಾಖ ಏರಿಸಬೇಡಿ.

ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಯಂತ್ರ ಎಷ್ಟರವರೆಗೆ ಏರುತ್ತದೆ ಅಂತಲ್ಲ, ಎಷ್ಟಕ್ಕೆ ಇಳಿಯುತ್ತದೆ ಅಂತ. 140 ಅಥವಾ 150ರಿಂದ ಶುರುವಾಗಿ, ಐದು ಅಥವಾ ಹತ್ತು ಡಿಗ್ರಿಯ ಹೆಜ್ಜೆಯಲ್ಲಿ ಏರಿಸುವ ಮಾದರಿ ಇದ್ದರೆ ಅದು ನಿಮ್ಮದು. ಬರೀ ಕೆಂಪು ದೀಪ ಹತ್ತುವ, ಅಂಕಿಯೇ ತೋರಿಸದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಹಂಚು ಚೆನ್ನಾಗಿದ್ದರೆ ರೊಟ್ಟಿ ಚೆನ್ನಾಗಿ ಬರುತ್ತದೆ

ಅಂಕಿ ತೋರಿಸಿದರೆ ಸಾಕಾ? ಸಾಲದು. ಜೋಳದ ರೊಟ್ಟಿ ಬೇಯಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೆಳು ಹಂಚಿನ ಮೇಲೆ ರೊಟ್ಟಿ ಹಾಕಿದರೆ ನಡುವೆ ಹೊತ್ತುತ್ತದೆ, ಅಂಚು ಹಸಿ ಉಳಿಯುತ್ತದೆ. ಒಂದು ರೊಟ್ಟಿ ತೆಗೆದು ಇನ್ನೊಂದು ಹಾಕಿದರೆ ಹಂಚು ತಣ್ಣಗಾಗಿಬಿಟ್ಟಿರುತ್ತದೆ. ದಪ್ಪ ಕಬ್ಬಿಣದ ಹಂಚು ನಿಧಾನಕ್ಕೆ ಕಾದರೂ ಎಲ್ಲ ಕಡೆ ಸಮನಾಗಿ ಕಾದಿರುತ್ತದೆ, ಸಾಲಾಗಿ ಹತ್ತು ರೊಟ್ಟಿ ಬೇಯಿಸಬಹುದು.

ಸ್ಟ್ರೇಟ್ನರ್‌ನ ಎರಡು ಪಟ್ಟಿಗಳೂ ಹಂಚಿನ ಹಾಗೆ. ಅಗ್ಗದ ಯಂತ್ರದಲ್ಲಿ ಒಳಗಿನ ಹೀಟರ್ ಸಣ್ಣದು, ಅದು ಮುಟ್ಟಿದ ಜಾಗ ಜಾಸ್ತಿ ಕಾಯುತ್ತದೆ. ಪಟ್ಟಿಯ ಅಂಚು ತಣ್ಣಗಿದ್ದರೆ ಆ ಕಡೆಯ ಕೂದಲು ನೆಟ್ಟಗಾಗುವುದಿಲ್ಲ. ನೀವು ಅದರ ಮೇಲೆ ಮೂರು, ನಾಲ್ಕು ಸಲ ಎಳೆಯುತ್ತೀರಿ. ನಡುವಿನ ಕೂದಲು ಆ ನಾಲ್ಕು ಸಲವೂ ಸುಡುತ್ತದೆ. ಒಂದೇ ಸಲ ಎಳೆದರೆ ಸಾಕಾಗುವ ಯಂತ್ರ 180 ಡಿಗ್ರಿಯಲ್ಲಿ ಮಾಡುವ ಹಾನಿ, ನಾಲ್ಕು ಸಲ ಎಳೆಯಬೇಕಾದ ಯಂತ್ರ 170ರಲ್ಲಿ ಮಾಡುವ ಹಾನಿಗಿಂತ ಕಡಿಮೆ ಇರಬಹುದು. ದುಡ್ಡು ಕೊಡುವುದು ಈ ಸಮನಾದ ಕಾವಿಗೆ. ಅಂಗಡಿಯಲ್ಲಿ ಅಕ್ಕನ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಇದು.

ಒಳಗಿನ ಹೀಟರ್‌ನಲ್ಲಿ ಎರಡು ಬಗೆ ಸಾಮಾನ್ಯ. ಡಬ್ಬಿಯ ಮೇಲೆ ಪಿಟಿಸಿ ಅಂತ ಬರೆದಿದ್ದರೆ, ಕಾದಂತೆಲ್ಲ ಅದರ ವಿದ್ಯುತ್ ತಡೆ ಏರುತ್ತದೆ, ಕರೆಂಟ್ ತಾನೇ ಕಡಿಮೆಯಾಗುತ್ತದೆ. ಮಿತಿಮೀರಿ ಕಾಯದಂತೆ ಅದೇ ತಡೆಯುತ್ತದೆ. ಎಂಸಿಎಚ್ ಅಂತ ಬರೆದಿದ್ದರೆ ಬೇಗ ಕಾಯುತ್ತದೆ, ಕಳೆದುಕೊಂಡ ಶಾಖವನ್ನು ಬೇಗ ತುಂಬಿಕೊಳ್ಳುತ್ತದೆ, ಆದರೆ ಅದನ್ನು ಹದದಲ್ಲಿಡಲು ಒಳ್ಳೆಯ ಸೆನ್ಸರ್ ಬೇಕು. ಉದ್ದ, ದಟ್ಟ ಕೂದಲಿನವರಿಗೆ ಎರಡನೆಯದು ವಾಸಿ. ಅಪರೂಪಕ್ಕೆ ಬಳಸುವವರಿಗೆ ಪಿಟಿಸಿ ಸಾಕು.

ಪಟ್ಟಿಯ ಮೇಲ್ಮೈ ಬಗ್ಗೆ ಜಾಹೀರಾತುಗಳಲ್ಲಿ ಬಹಳ ಮಾತಿದೆ. ಸೆರಾಮಿಕ್ ಅಂದರೆ ಪಿಂಗಾಣಿಯ ಜಾತಿ. ಶಾಖವನ್ನು ಸಮನಾಗಿ ಹಂಚುತ್ತದೆ, ನುಣುಪಾಗಿ ಜಾರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಸೆರಾಮಿಕ್ ಲೇಪ ಹಚ್ಚಿದವು. ಅದೇನೂ ತಪ್ಪಲ್ಲ, ಲೇಪ ಗಟ್ಟಿಯಾಗಿರುವವರೆಗೆ. ಲೇಪ ಎದ್ದು ಒಳಗಿನ ಲೋಹ ಕಾಣಿಸಿದ ದಿನ ಆ ಯಂತ್ರವನ್ನು ಬಿಟ್ಟುಬಿಡಿ, ಅಂಚು ಕೂದಲನ್ನು ಕೆರೆಯುತ್ತದೆ. ಟೈಟಾನಿಯಂ ಹಗುರ, ಬೇಗ ಕಾಯುತ್ತದೆ, ಕೂದಲಿಗೆ ಬೇಗ ಶಾಖ ದಾಟಿಸುತ್ತದೆ. ದಿನವಿಡೀ ಕೆಲಸ ಮಾಡುವ ಪಾರ್ಲರ್‌ನವರ ಪಳಗಿದ ಕೈಗೆ ಅದು ಒಳ್ಳೆಯದು. ಮನೆಯಲ್ಲಿ, ಕನ್ನಡಿ ನೋಡುತ್ತಾ ಒಂದೆರಡು ಸೆಕೆಂಡ್ ಅಲ್ಲೇ ನಿಲ್ಲಿಸಿಬಿಡುವ ನಮ್ಮಂಥವರಿಗೆ ನಾನು ಸೆರಾಮಿಕ್ಕೇ ಹೇಳುತ್ತೇನೆ.

ಟೂರ್ಮಲಿನ್ ಒಂದು ಹರಳು. ಬಿಸಿಯಾದಾಗ ಅದರಲ್ಲಿ ವಿದ್ಯುದಂಶ ಹುಟ್ಟುವುದು ನಿಜ. ಅದರಿಂದ ಕೂದಲು ಹಾರುವುದು ಕಡಿಮೆಯಾಗುತ್ತದೆ ಅಂತ ಕಂಪನಿಗಳು ಹೇಳುತ್ತವೆ. ನಮ್ಮ ಒಣ ಹವೆಯಲ್ಲಿ, ಮುಖ್ಯವಾಗಿ ಚಳಿಗಾಲದಲ್ಲಿ, ಬಾಚಿದರೆ ಕೂದಲು ಎದ್ದು ನಿಲ್ಲುತ್ತದೆ, ಹಾಗಾಗಿ ಆ ಮಾತು ಆಸೆ ಹುಟ್ಟಿಸುತ್ತದೆ. ಆದರೆ ಕೊನೆಗೆ ಎರಡು ಹನಿ ಸೀರಮ್ ಅಂಗೈಗೆ ಸವರಿ ಕೂದಲ ಮೇಲೆ ಆಡಿಸಿದರೂ ಹಾರುವುದು ನಿಲ್ಲುತ್ತದೆ. ಆ ಒಂದು ಪದಕ್ಕಾಗಿ ಸಾವಿರ ರೂಪಾಯಿ ಜಾಸ್ತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಪಟ್ಟಿಯ ಅಗಲ ಒಂದು ಇಂಚು, ಅಂದರೆ 25 ಮಿಲಿಮೀಟರ್ ಇದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಸೊಂಟದವರೆಗೆ ದಟ್ಟ ಕೂದಲಿದ್ದರೆ ಒಂದೂವರೆ ಇಂಚಿನದು ನೋಡಿ, ಇಲ್ಲದಿದ್ದರೆ ಕೈ ಸೋಲುತ್ತದೆ. ಅಂಚು ದುಂಡಗಿದ್ದರೆ ಅದರಲ್ಲೇ ತುದಿಯನ್ನು ಸ್ವಲ್ಪ ಸುತ್ತಿ ಒಳಗೆ ಬಾಗಿಸಬಹುದು.

ವ್ಯಾಟ್ ನೋಡಿ ಯಾರೂ ಹೆದರಬೇಕಿಲ್ಲ, ಹಿಗ್ಗಬೇಕಿಲ್ಲ. ಹೆಚ್ಚಿನವು 30ರಿಂದ 60 ವ್ಯಾಟ್. 45 ವ್ಯಾಟ್‌ನದನ್ನು ದಿನಕ್ಕೆ ಇಪ್ಪತ್ತು ನಿಮಿಷ ಬಳಸಿದರೆ ಒಂದು ಯೂನಿಟ್ ಆಗಲು ಸುಮಾರು 67 ದಿನ ಬೇಕು. ಜೆಸ್ಕಾಂ ಬಿಲ್ಲಿನಲ್ಲಿ ಅದು ಕಾಣುವುದೂ ಇಲ್ಲ. ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಕೆಲವು ಯಂತ್ರಗಳು ನಿಧಾನಕ್ಕೆ ಕಾಯುತ್ತವೆ. ಆಗ ಅಂಕಿ ಏರಿಸದೆ ಇನ್ನೆರಡು ನಿಮಿಷ ಕಾಯಿರಿ. ವೈರ್ ಇಲ್ಲದ, ಬ್ಯಾಟರಿಯ ಸ್ಟ್ರೇಟ್ನರ್‌ಗಳೂ ಬಂದಿವೆ. ದಟ್ಟ ಕೂದಲು ಅರ್ಧ ಆಗುವಷ್ಟರಲ್ಲಿ ಚಾರ್ಜ್ ಮುಗಿಯುತ್ತದೆ, ನಮ್ಮ ಕಡೆಯ ಕೂದಲಿಗೆ ಅವು ಹೊಂದುವುದಿಲ್ಲ.

ಬಾಚಣಿಗೆಯ ಆಕಾರದ ಬ್ರಶ್ ಸ್ಟ್ರೇಟ್ನರ್ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ಕೂದಲು ಎರಡು ಪಟ್ಟಿಗಳ ನಡುವೆ ಒತ್ತಿ ಹಿಡಿಯಲ್ಪಡುವುದಿಲ್ಲ, ಹಾಗಾಗಿ ಪೂರ್ತಿ ನೆಟ್ಟಗಾಗುವುದಿಲ್ಲ. ಸ್ವಲ್ಪ ಅಲೆ ಇರುವ ಕೂದಲನ್ನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಐದು ನಿಮಿಷದಲ್ಲಿ ಒಪ್ಪ ಮಾಡಿಕೊಳ್ಳಲು ಅದು ತುಂಬಾ ಅನುಕೂಲ. ಕೈಗೂ ಸುಟ್ಟುಕೊಳ್ಳುವ ಭಯ ಕಡಿಮೆ. ಗುಂಗುರು ಕೂದಲಿಗೆ ಮಾತ್ರ ಅದನ್ನು ನಂಬಿ ಕೊಳ್ಳಬೇಡಿ.

ನಮ್ಮ ನೀರಿನ ಸಮಸ್ಯೆ

ಯಾವ ಡಬ್ಬಿಯ ಮೇಲೂ ಇರದ ಒಂದು ವಿಷಯವಿದೆ. ಕಲಬುರಗಿಯ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಈ ಕಲ್ಲಿನ ಸಲುವಾಗಿಯೇ. ಅಂಥ ನೆಲದ ಒಳಗಿಂದ ಮೇಲೆ ಬರುವ ಬೋರಿನ ನೀರು ಸುಣ್ಣವನ್ನು ಕರಗಿಸಿಕೊಂಡೇ ಬರುತ್ತದೆ. ಬಕೆಟ್ಟಿನ ಒಳಗೆ, ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರ ಅದೇ. ಬಕೆಟ್ಟಿಗೆ ಅಂಟುವುದು ಕೂದಲಿಗೂ ಅಂಟುತ್ತದೆ.

ಕೂದಲಿನ ಹೊರ ಪದರ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಮಲಗಿರುತ್ತದೆ. ಸುಣ್ಣದ ಅಂಶ ಅಲ್ಲಿ ಕುಳಿತರೆ ಕೂದಲು ಒರಟಾಗುತ್ತದೆ, ಪಟ್ಟಿ ಜಾರದೆ ತಡವರಿಸುತ್ತದೆ. ಯಂತ್ರವೇ ಸರಿಯಿಲ್ಲ ಅಂತ ನಾವು ತಿಳಿಯುತ್ತೇವೆ. ನಳದ ನೀರು ಬರುವ ಓಣಿಯಿಂದ ಬೋರಿನ ನೀರಿನ ಬಡಾವಣೆಗೆ ಮನೆ ಬದಲಿಸಿದ ಗೆಳತಿಯೊಬ್ಬಳು ಚೆನ್ನಾಗಿದ್ದ ಸ್ಟ್ರೇಟ್ನರ್ ಬಿಟ್ಟು ಹೊಸದು ತಂದಳು. ಹೊಸದೂ ಹಾಗೇ ಎಳೆಯಿತು. ಕೊನೆಗೆ ಬದಲಾಗಬೇಕಿದ್ದದ್ದು ನೀರು.

ತಲೆಗೆ ಮೈಸೋಪು ಹಚ್ಚುವ ಅಭ್ಯಾಸ ಇದ್ದರೆ ಮೊದಲು ಬಿಡಿ. ಗಡಸು ನೀರಿನಲ್ಲಿ ಸೋಪು ನೊರೆ ಬರದೆ ಜಿಗಟು ಕೊಳೆಯಾಗಿ ಕೂದಲ ಮೇಲೇ ಉಳಿಯುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಕ್ಲಾರಿಫೈಯಿಂಗ್ ಶಾಂಪೂ, ಅಂದರೆ ಕೂದಲ ಮೇಲೆ ಕುಳಿತ ಪದರ ತೊಳೆದು ತೆಗೆಯುವ ಶಾಂಪೂ, ಬಳಸಿ. ಬಾಟಲಿಯ ಹಿಂದೆ ಇಡಿಟಿಎ ಅಂತ ಬರೆದಿದ್ದರೆ ಒಳ್ಳೆಯದು, ಸುಣ್ಣದ ಅಂಶವನ್ನು ಹಿಡಿದು ಹೊರಗೆ ತರುತ್ತದೆ. ಕೊನೆಯ ಒಂದೆರಡು ಚೊಂಬು ನಳದ ನೀರೋ, ಆರ್‌ಒ ನೀರೋ ಸುರಿದುಕೊಂಡರೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಇನ್ನು ಎಣ್ಣೆ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು ಪ್ರೋಟೀನ್ ಕಳೆಯದಂತೆ ಕಾಯುತ್ತದೆ, ಅಮ್ಮಂದಿರು ಹೇಳಿದ್ದು ಸರಿ. ಆದರೆ ಎಣ್ಣೆ ತಲೆಯ ಮೇಲೆ ಸ್ಟ್ರೇಟ್ನರ್ ಬೇಡ. 175 ಡಿಗ್ರಿಯ ಆಸುಪಾಸಿನಲ್ಲಿ ಕೊಬ್ಬರಿ ಎಣ್ಣೆ ಹೊಗೆಯಾಡಲು ಶುರುಮಾಡುತ್ತದೆ, ಪಟ್ಟಿಯ ಮೇಲೆ ಸುಟ್ಟು ಕಪ್ಪಾಗಿ ಅಂಟುತ್ತದೆ. ಹಿಂದಿನ ರಾತ್ರಿ ಎಣ್ಣೆ ಹಚ್ಚಿ, ಬೆಳಿಗ್ಗೆ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ಹೀಟ್ ಪ್ರೊಟೆಕ್ಟಂಟ್ ಹಚ್ಚಿ. ಅದರಲ್ಲಿರುವ ಸಿಲಿಕೋನ್ ಎಳೆಯ ಮೇಲೆ ತೆಳು ಪದರವಾಗಿ ಕುಳಿತು ಶಾಖ ಒಳಗೆ ಹೋಗುವುದನ್ನು ನಿಧಾನ ಮಾಡುತ್ತದೆ. ಪೂರ್ತಿ ತಡೆಯುವುದಿಲ್ಲ. ಅದನ್ನು ನಂಬಿ 220ಕ್ಕೆ ಏರಿಸುವುದು ಹೆಲ್ಮೆಟ್ ಇದೆ ಅಂತ ಸೇಡಂ ರಸ್ತೆಯಲ್ಲಿ ಕಣ್ಣು ಮುಚ್ಚಿ ಗಾಡಿ ಓಡಿಸಿದ ಹಾಗೆ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ

ಮೊದಲು ತಣ್ಣಗಿರುವಾಗಲೇ ಎರಡು ಪಟ್ಟಿಗಳನ್ನು ಮುಚ್ಚಿ, ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ತೂರಿದರೆ ಅಲ್ಲಿ ಕೂದಲು ಹಿಡಿತಕ್ಕೆ ಸಿಗುವುದಿಲ್ಲ. ಆಮೇಲೆ ಬಿಲ್ಲಿನ ಕಾಗದದ ಸಣ್ಣ ಚೂರನ್ನು ಪಟ್ಟಿಗಳ ನಡುವೆ ಇಟ್ಟು, ಮುಚ್ಚಿ, ಎಳೆಯಿರಿ. ತುದಿ, ನಡು, ಬುಡ ಮೂರೂ ಕಡೆ ಒಂದೇ ಬಿಗಿಯಲ್ಲಿ ಬರಬೇಕು. ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗಿ ಮತ್ತೆ ಎದ್ದು ಬಂದರೆ ಅದು ತೇಲುವ ಪಟ್ಟಿ. ಹಿಡಿ ದಪ್ಪ ಇದ್ದಲ್ಲಿ ತಗ್ಗಿ, ತೆಳು ಇದ್ದಲ್ಲಿ ಏಳುತ್ತದೆ, ಕೂದಲು ಸಿಕ್ಕಿ ಹರಿಯುವುದಿಲ್ಲ. ನನಗೆ ಇದು ಟೂರ್ಮಲಿನ್‌ಗಿಂತ ಎಷ್ಟೋ ಮುಖ್ಯ.

ವೈರ್ ಕೈಹಿಡಿಗೆ ಸೇರುವ ಜಾಗ ಗುಂಡಗೆ ತಿರುಗಬೇಕು. ತಿರುಗದಿದ್ದರೆ ವೈರ್ ಮುರುಟಿ ಒಳಗೆ ತುಂಡಾಗುತ್ತದೆ, ಮೊದಲು ಕೆಡುವುದು ಅದೇ ಜಾಗ. ಉದ್ದ ಎರಡು ಮೀಟರ್ ಹತ್ತಿರ ಇರಲಿ. ನಮ್ಮ ಹಳೆಯ ಮನೆಗಳಲ್ಲಿ ಕನ್ನಡಿ ಒಂದು ಕಡೆ, ಸ್ವಿಚ್ಚು ಇನ್ನೊಂದು ಕಡೆ. ಅರ್ಧ ಗಂಟೆಗೋ ಒಂದು ಗಂಟೆಗೋ ತಾನೇ ಆಫ್ ಆಗುವ ವ್ಯವಸ್ಥೆ ಇದ್ದರೆ ದಯವಿಟ್ಟು ಅದನ್ನೇ ಆರಿಸಿ. ಬಳಸುವಾಗ ಕರೆಂಟ್ ಹೋಗುತ್ತದೆ, ನಾವು ಹಾಗೇ ಎದ್ದು ಹೋಗುತ್ತೇವೆ. ಒಂದು ತಾಸಿನ ಮೇಲೆ ಕರೆಂಟ್ ಬಂದಾಗ ಅದು ಹಾಸಿಗೆಯ ಮೇಲೆ ಕಾಯುತ್ತಾ ಬಿದ್ದಿರಬಹುದು. ಕರೆಂಟ್ ಹೋದ ತಕ್ಷಣ ಪ್ಲಗ್ ಕಿತ್ತುಬಿಡಿ.

ಎರಡು ಪಿನ್ನಿನ ಪ್ಲಗ್ ಇದ್ದರೆ ಯಂತ್ರದ ಮೇಲೆ ಒಂದು ಚೌಕದ ಒಳಗೆ ಇನ್ನೊಂದು ಚೌಕ ಇರುವ ಗುರುತು ಹುಡುಕಿ. ಅರ್ಥಿಂಗ್ ಇಲ್ಲದೆಯೂ ಸುರಕ್ಷಿತವಾಗಿರುವಂತೆ ಎರಡು ಪದರದ ರಕ್ಷಣೆ ಇದೆ ಅಂತ ಅದರ ಅರ್ಥ. ಐಎಸ್‌ಐ ಗುರುತು ಇದ್ದರೆ ಅದರ ಜೊತೆಗಿನ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಲ್ಲೇ ಪರೀಕ್ಷಿಸಬಹುದು. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ವಿಳಾಸ, ತಿಂಗಳು, ಎಂಆರ್‌ಪಿ, ದೂರು ಹೇಳುವ ಫೋನ್ ನಂಬರ್ ಇರಲೇಬೇಕು, ಕಾನೂನು ಹಾಗಿದೆ. ದೊಡ್ಡ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ನಕಲಿಗಳು ಗಾಡಿಗಳ ಮೇಲೆ ರಾಶಿ ಬಿದ್ದಿರುತ್ತವೆ. ಪಕ್ಕಾ ಬಿಲ್ಲು, ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸೀಲು ಎರಡನ್ನೂ ಕೇಳಿ ಪಡೆಯಿರಿ. ಸರ್ವಿಸ್ ಸೆಂಟರ್ ಕಲಬುರಗಿಯಲ್ಲೇ ಇದೆಯಾ, ಇಲ್ಲಾ ಹೈದರಾಬಾದ್‌ಗೆ ಕಳಿಸಬೇಕಾ ಅಂತ ವಿಚಾರಿಸಿ. ಅಂಗಡಿಯವರು ಕೈಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಬೆಲೆ ಐದಾರು ನೂರರಿಂದ ಶುರುವಾಗಿ ಮೂವತ್ತು ಸಾವಿರ ದಾಟುತ್ತದೆ. ನಾನು ನೋಡಿದಂತೆ ಒಂದೂವರೆಯಿಂದ ಮೂರು ಸಾವಿರದ ನಡುವೆ ಅಂಕಿ ತೋರಿಸುವ, ತೇಲುವ ಪಟ್ಟಿಯ, ಎರಡು ವರ್ಷ ವಾರಂಟಿ ಇರುವ ಒಳ್ಳೆಯ ಯಂತ್ರ ಸಿಗುತ್ತದೆ. ವಾರಕ್ಕೊಮ್ಮೆ ಬಳಸುವವರು ಅದಕ್ಕಿಂತ ಜಾಸ್ತಿ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಮನೆಗೆ ತಂದ ಮೇಲೆ ನಿಮ್ಮ ಅಂಕಿಗಿಂತ 20 ಡಿಗ್ರಿ ಕೆಳಗಿನಿಂದ ಶುರುಮಾಡಿ. ಎರಡು ಬೆರಳಗಲದ ಹಿಡಿ ತೆಗೆದುಕೊಂಡು, ಬುಡದಿಂದ ಒಂದು ಇಂಚು ಬಿಟ್ಟು, ಎಲ್ಲೂ ನಿಲ್ಲಿಸದೆ ಒಂದೇ ಸಲ ಎಳೆಯಿರಿ. ನೆಟ್ಟಗಾಗದಿದ್ದರೆ ಐದು ಡಿಗ್ರಿ ಏರಿಸಿ ಮುಂದಿನ ಹಿಡಿಗೆ ಹೋಗಿ. ತುದಿ ಬಂದಾಗ ಕೈ ಬೇಗ ಸಾಗಲಿ, ಅದು ಹಳೆಯ ಕೂದಲು. ಚುರ್ ಅಂದರೆ ಕೂಡಲೇ ಬಿಡಿ, ಇನ್ನೂ ಒದ್ದೆ ಇದೆ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಡ. ಮುಗಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಪಟ್ಟಿ ಬಿಸಿಯಾಗೇ ಇರುತ್ತದೆ, ಮಕ್ಕಳ ಕೈಗೆ ಎಟುಕದ ಹಾಗೆ ಕಲ್ಲಿನ ಕಟ್ಟೆಯ ಮೇಲೆ ಇಡಿ.

ಅಕ್ಕನ ಮಗಳು ಕೊನೆಗೆ 200ಕ್ಕೆ ನಿಲ್ಲುವುದನ್ನೇ ಕೊಂಡಳು. ಕಾಗದದ ಚೂರು ಎಳೆದು ನೋಡಿದ್ದು ಅವಳೇ. 230ರದ್ದು ಬುಡದಲ್ಲಿ ಬಿಗಿ ಹಿಡಿದು ತುದಿಯಲ್ಲಿ ಸಡಿಲ ಬಿಟ್ಟಿತು. ಅಂಗಡಿಯವರೂ ಒಮ್ಮೆ ಎಳೆದು ನೋಡಿ, "ಖರೇನ ಅದರಿ" ಅಂದರು. ಮದುವೆಯ ದಿನ ಬೆಳಿಗ್ಗೆ ಆರೂವರೆಗೆ ಅವಳ ಫೋನ್ ಬಂತು. "ಚಿಗವ್ವಾ, 165ಕ್ಕೇ ಆಯ್ತು."